ರೂತ ಮಾವಶಿ ಪಾಸು ಮಾಡಿದರೆ ಮಾತ್ರ ಸಿನಿಮಾ

ಬೆಳಗಿನ ಐದೂವರೆ. ಮಿರಜದ ಆಸ್ಪತ್ರೆ ಓಣಿಯ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ರೂತವ್ವ ರೊಟ್ಟಿ ಬಡಿಯುತ್ತಿದ್ದಾರೆ. ಬೆನ್ನ ಹಿಂದೆ, ಟ್ರಂಕಿನ ಮೇಲಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಜೈಲಿನ ಗೋಡೆ ಸಿಡಿಯುತ್ತದೆ, ಗುಂಡುಗಳು ಹಾರುತ್ತವೆ, ಯಾರೋ ಯಾರನ್ನೋ ಹೆತ್ತವಳನ್ನೂ ಬಿಡದೆ ಬೈಯುತ್ತಾನೆ. ರೂತವ್ವ ತಿರುಗಿ ನೋಡುವುದಿಲ್ಲ. ಹಿಟ್ಟಿನ ಕೈಯಲ್ಲೇ ಬಟ್ಟಲಿನಿಂದ ಒಂದು ಹುಣಸೆ ಬೀಜ ಎತ್ತಿ ತಾಟಿಗೆ ಹಾಕುತ್ತಾರೆ. ಟಣ್! "ಇದ ಮೂವತ್ತೊಂಬತ್ತ ಆತ ನೋಡ್ರಿ," ಎಂದು ರೊಟ್ಟಿ ತಿರುವಿ ಹಾಕುತ್ತಾರೆ.

ಐವತ್ತೆಂಟರ ರೂತವ್ವ ಕಾಂಬಳೆ ಇಪ್ಪತ್ತಾರು ವರ್ಷದಿಂದ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ; ಓಣಿಗೆಲ್ಲ ರೂತ ಮಾವಶಿ, ಅಂದರೆ ಚಿಕ್ಕಮ್ಮ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇದು. ಪ್ರತಿ ತಿಂಗಳ ಕೊನೆಯ ಶನಿವಾರ ಸಂಜೆ ಅವರ ಪುಟ್ಟ ಚರ್ಚಿನ ಹಾಲ್‌ನಲ್ಲಿ ಬಿಳಿ ಚಾದರ ಕಟ್ಟಿ, ಜಮಖಾನ ಹಾಸಿ, ನಲವತ್ತು ಕುಟುಂಬಗಳು ಕೂಡಿ ಸಿನಿಮಾ ನೋಡುತ್ತವೆ. ಅದು ಮಕ್ಕಳ ಮುಂದೆ ಇಡುವಂಥದ್ದೋ ಅಲ್ಲವೋ ಎಂದು ಮೊದಲೇ ನೋಡಿ ಹೇಳಬೇಕಾದವರು ರೂತವ್ವ. ಹನ್ನೊಂದು ವರ್ಷದಲ್ಲಿ ಪಾಸು, ಫೇಲು ಎಲ್ಲ ಕೂಡಿ ನೂರೈವತ್ತು ಸಿನಿಮಾ ದಾಟಿವೆ. ಪಾಸ್ಟರ್ ಕೂಡ ಅವರ ಮಾತು ಮೀರುವುದಿಲ್ಲ.

ಒಂದೊಂದು ಸಿನಿಮಾಕ್ಕೂ ಮೂರು ಸಲ ಪರೀಕ್ಷೆ. ಮೊದಲು ದನಿ ಬಂದ್ ಮಾಡಿ ಬರೀ ಕಣ್ಣಿನಿಂದ. ಆಮೇಲೆ ಬೆನ್ನು ತಿರುಗಿಸಿ ಬರೀ ಕಿವಿಯಿಂದ. ಕೊನೆಗೆ ಎರಡೂ ಕೂಡಿಸಿ. ಹೊಡೆತ, ಬೈಗುಳ, ಮೋಸಕ್ಕೆ ಒಂದೊಂದು ಹುಣಸೆ ಬೀಜ. ಕರುಣೆಗೆ, ಕ್ಷಮೆಗೆ ಒಂದೊಂದು ಅರಿಷಿಣ ಕೊಂಬು. "ಮೊದ್ಲ ಒಳ್ಳೇದಕ್ಕ ಶೇಂಗಾ ಇಡ್ತಿದ್ನಿರಿ. ಒಂದಿನಾ ಹಸಿವಾಗಿ ಕುಂತಲ್ಲೇ ತಿಂದಬಿಟ್ನಿ. ಪಾಪ, ಬಂಗಾರದಂಥ ಸಿನಿಮಾ ಫೇಲ್ ಆತು!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂದಿನಿಂದ ಸಾಂಗ್ಲಿ ಪೇಟೆಯ ಅರಿಷಿಣ. ಅದನ್ನು ಯಾರು ತಿನ್ನುತ್ತಾರೆ?

ಆದರೆ ಎರಡು ತಿಂಗಳ ಹಿಂದೆ ಪಾಸು ಮಾಡಿದ ಒಂದು ನಗೆ ಸಿನಿಮಾ ಅವರನ್ನು ಇನ್ನೂ ಚುಚ್ಚುತ್ತಿದೆ. ಅದರಲ್ಲೊಬ್ಬ ಪೆದ್ದು ಕಳ್ಳನನ್ನು ಜೈಲಿಗೆ ನೂಕುತ್ತಾರೆ. ಹೊಡೆತವಿಲ್ಲ, ಬೈಗುಳವಿಲ್ಲ, ಒಂದು ಬೀಜವೂ ಬಿದ್ದಿರಲಿಲ್ಲ. ತೆರೆಯ ಮೇಲೆ ಕಂಬಿ ಕಂಡದ್ದೇ ತಡ, ಹಾಲ್‌ನ ಮಕ್ಕಳೆಲ್ಲ ಕತ್ತು ತಿರುಗಿಸಿ ಕಾಜಲಳನ್ನು ನೋಡಿದವು. ಹನ್ನೆರಡು ವರ್ಷದ ಕಾಜಲಳ ಅಪ್ಪ ಬಾಬು ಹೊಡೆದಾಟದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಇನ್ನೂ ಏಳು ತಿಂಗಳ ಶಿಕ್ಷೆ ಬಾಕಿ. ಅವತ್ತು ಎದ್ದು ಹೋದ ಹುಡುಗಿ ಮತ್ತೆ ಚರ್ಚಿನ ಮೆಟ್ಟಿಲು ಹತ್ತಿಲ್ಲ. "ತಪ್ಪ ನಂದ್ರಿ. ಪರದೆ ಮ್ಯಾಲಿಂದ ಎಣಿಸಿದ್ನಿ, ಪರದೆ ಮುಂದ ಕುಂತಾವ್ರನ್ನ ಎಣಿಸ್ಲಿಲ್ಲ," ಎನ್ನುತ್ತಾರೆ.

ಇಂಥ ಹೊತ್ತಿನಲ್ಲೇ ಚರ್ಚಿನ ಯುವಜನ ಸಂಘದ ಮಯೂರಿ ಈಗ ಪರೀಕ್ಷೆಗೆ ಕೂತಿರುವ ಈ ಸಿನಿಮಾ ತಂದಿದ್ದಾಳೆ. ಮಾಡದ ತಪ್ಪಿಗೆ ಒಳಗೆ ಬಿದ್ದವನೊಬ್ಬ ಜೈಲು ಒಡೆದು ಓಡುವ ಕಥೆ. ಮೊದಲಿನಿಂದ ಕೊನೆಯವರೆಗೆ ಕಂಬಿಯೇ ಕಂಬಿ! "ನೀವು ಬ್ಯಾಡ ಅಂದ್ರ ಪೋರಗೋಳು ಮೊಬೈಲ್‌ದಾಗ ಒಬ್ಬೊಬ್ರ ನೋಡ್ತಾರ್ರಿ ಮಾವಶಿ. ಕೂಡಿ ನೋಡೂದ ಛಲೋ ಅಲ್ಲೇನ್ರಿ?" ಎಂಬುದು ಮಯೂರಿಯ ವಾದ. ಅದೂ ಸುಳ್ಳಲ್ಲ. ತೋರಿಸಿದರೆ ಕಾಜಲ ಕಾಯಂ ದೂರ, ತೋರಿಸದಿದ್ದರೆ ಹುಡುಗರು ದೂರ. ಅತ್ತ ದರಿ, ಇತ್ತ ಪುಲಿ. ತಾಟಿನಲ್ಲಿ ನಲವತ್ತೊಂದು ಬೀಜ, ಮೂರೇ ಮೂರು ಕೊಂಬು.

ಮೂರನೆಯ ಪರೀಕ್ಷೆಗೆ ರೂತವ್ವ ಹಿಂದೆಂದೂ ಮಾಡದ ಕೆಲಸ ಮಾಡುತ್ತಾರೆ. ಶುಕ್ರವಾರ ಡ್ಯೂಟಿಗೆ ರಜೆ ಹಾಕಿ, ಲ್ಯಾಪ್‌ಟಾಪ್, ಬಟ್ಟಲು, ತಾಟು ಎಲ್ಲ ಚೀಲಕ್ಕೆ ತುಂಬಿ, ಷೇರ್ ಆಟೋ ಹಿಡಿದು ಮಾಧವನಗರದ ಕಾಜಲಳ ಮನೆಗೆ ಹೋಗುತ್ತಾರೆ. ವಿಷಯ ಕೇಳಿ ತಾಯಿ ಬಾಳವ್ವ, "ಆಕೀನ್ನ ಕೇಳ್ರಿ ಯಕ್ಕಾ. ಆಕಿ ಎದಿ ನನಗಿಂತ ಗಟ್ಟಿ ಐತಿ," ಎನ್ನುತ್ತಾಳೆ. ಕಾಜಲ ಬಂದು ತಾಟಿನ ಮುಂದೆ ಕೂತುಕೊಳ್ಳುತ್ತಾಳೆ, ಅಷ್ಟೇ.

ಸಿನಿಮಾದ ಕೊನೆಗೆ ನಾಯಕ ಗೋಡೆ ಹಾರಿ ತನ್ನ ಮನೆಯ ಕಿಟಕಿಗೆ ಬರುತ್ತಾನೆ, ಮಲಗಿದ ಮಗಳನ್ನು ನೋಡುತ್ತಾನೆ, ಎಬ್ಬಿಸದೆ ಹೊರಟುಹೋಗುತ್ತಾನೆ. ಓಡಿ ಬಂದವನಲ್ಲವೇ ಎಂದು ರೂತವ್ವನ ಕೈ ಹುಣಸೆ ಬೀಜಕ್ಕೆ ಹೋಗುತ್ತದೆ. ಅಷ್ಟರಲ್ಲಿ ಕಾಜಲ ಅರಿಷಿಣ ಕೊಂಬು ಇಟ್ಟುಬಿಡುತ್ತಾಳೆ.

"ಮಗಳ್ನ ನೋಡಾಕ ಬಂದಾನ, ಮಾವಶಿ."

"ಖರೇ ಅವ್ವಾ. ನಿಮ್ಮಪ್ಪಾನೂ ಹಿಂಗ ಓಡಿ ಬಂದ್ರ?"

ಹುಡುಗಿ ತಲೆ ಅಲ್ಲಾಡಿಸುತ್ತಾಳೆ. "ನಕೋ, ಬ್ಯಾಡ. ಮತ್ತ ಹಿಡ್ಕೊಂಡ ಹೋಗ್ತಾರ. ಬಾಗಲದಿಂದ ಬರ್ಲಿ. ಹಗಲ ಬರ್ಲಿ."

ರೂತವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ನಮ್ಮ ಬೈಬಲ್ ಶಾಸ್ತ್ರದಾಗೂ ಭೂಕಂಪ ಆಗಿ ಜೈಲಿನ ಬಾಗಲಾ ತೆರದಿದ್ವು. ಒಳಗಿದ್ದ ದೇವರ ಮಂದಿ ಓಡ್ಲಿಲ್ರಿ, ಕುಂತಲ್ಲೇ ಕುಂತು, ಕೈದಿಗೋಳು ಓಡಿದ್ರಂತ ಜೀವಾ ಕಳಕೊಳ್ಳಾಕ ಹೊಂಟಿದ್ದ ಜೈಲರನ್ನ ಉಳಿಸಿದ್ರು. ನಲವತ್ತ ವರ್ಷ ಕೇಳಿದ್ದನ್ನ ಈ ಪೋರಿ ಒಂದ ಮಾತಿನ್ಯಾಗ ಹೇಳಿದ್ಲು," ಎನ್ನುತ್ತಾರೆ. ಬೀಜದ ಎಣಿಕೆ ಬದಿಗಿಟ್ಟು ಕ್ಯಾಲೆಂಡರಿನ ಹಾಳೆಯ ಹಿಂದೆ ತೀರ್ಪು ಬರೆಯುತ್ತಾರೆ: ಹತ್ತರೊಳಗಿನ ಮಕ್ಕಳಿಗೆ ಬೇಡ. ಮನೆಯ ಹಿರಿಯರು ಜೊತೆಗಿರಬೇಕು. ಬೈಗುಳ ಬಂದಲ್ಲಿ ದನಿ ಬಂದ್. ಪಾಸು.

ಶನಿವಾರ ಸಂಜೆ ಜಮಖಾನ ಹಾಸುತ್ತಿರುವ ರೂತವ್ವನಿಗೆ ಇರುವುದು ಒಂದೇ ಆಸೆ. "ಇವತ್ತ ಯಾರೂ ಆ ಕೂಸಿನ ಕಡೆ ತಿರುಗಿ ನೋಡದಿದ್ರ ಸಾಕ್ರಿ." ಕಾಜಲ ಬರುತ್ತಾಳೆ, ಅವ್ವನ ಕೈ ಹಿಡಿದು ಮೊದಲ ಸಾಲಿನಲ್ಲೇ ಕೂರುತ್ತಾಳೆ. ರೂತವ್ವ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರು ನೋಡುತ್ತಿರುವುದು ತೆರೆಯನ್ನಲ್ಲ, ಮಕ್ಕಳ ತಲೆಗಳನ್ನು.

ತೆರೆಯ ಮೇಲೆ ಜೈಲಿನ ಕಬ್ಬಿಣದ ಬಾಗಿಲು ಕಿರ್ರೆನ್ನುತ್ತದೆ. ಮೂರು ತಲೆಗಳು ತಿರುಗುತ್ತವೆ. ರೂತವ್ವ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದಿಡುತ್ತಾರೆ.

"ನನ್ನ ಮಾರಿ ಏನ್ ನೋಡ್ತೀರಿ? ಮುಂದ ನೋಡ್ರಿ," ಎನ್ನುತ್ತಾಳೆ ಕಾಜಲ, ಎಲ್ಲರಿಗೂ ಕೇಳುವ ಹಾಗೆ. "ಛಲೋದು ಇನ್ನ ಬರೂದೈತಿ."

ಮೂರೂ ತಲೆಗಳು ಮುಂದಕ್ಕೆ ತಿರುಗುತ್ತವೆ. ರೂತವ್ವ ಪಕ್ಕದಲ್ಲಿ ನಿಂತ ಪಾಸ್ಟರ್ ಕಡೆ ಬಾಗಿ ಮೆಲ್ಲಗೆ ಹೇಳುತ್ತಾರೆ: "ಈ ಸಿನಿಮಾ ಪಾಸ್ ಮಾಡಿದಾಕಿ ಆಕೀನ್ರಿ, ನಾ ಅಲ್ಲ."