ಜಾಹೀರಾತೇ ಬಾರದ ಟಿವಿ

"ಇದೊಂದು ಟಿವಿ ಚೆನ್ನಾಗಿದೆ ನೋಡಿ. ನಾವು ಬಂದಾಗಿಂದ ಒಂದು ಜಾಹೀರಾತೂ ಬಂದಿಲ್ಲ. ಇದನ್ನೇ ಕೊಟ್ಬಿಡಿ" ಎಂದರು ನಮ್ಮತ್ತೆ, ಶಿವಮೊಗ್ಗದ ಅಂಗಡಿಯೊಂದರ ಮೂಲೆಯಲ್ಲಿ ನಿಂತು.

ಅಲ್ಲಿಯವರೆಗೆ ಸೇಲ್ಸ್‌ಮನ್ ತೋರಿಸಿದ ಟಿವಿಗಳೆಲ್ಲ ಆನ್ ಆದ ಕೂಡಲೇ ಶಾಂಪೂ, ಸಿನಿಮಾಗಳ ಜಾಹೀರಾತು ಹಾಕಿ, ಆಮೇಲೆ ಯಾವ ಆ್ಯಪ್ ಬೇಕೆಂದು ಕೇಳುತ್ತಿದ್ದವು. ಭದ್ರಾವತಿಯಿಂದ ನನ್ನ ಜೊತೆ ಬಸ್ಸಿನಲ್ಲಿ ಬಂದಿದ್ದ ಅತ್ತೆಗೆ ಬೇಕಾಗಿದ್ದುದು ವಾರ್ತೆ ಮತ್ತು ಒಂದು ಧಾರಾವಾಹಿ ಮಾತ್ರ. ಇನ್ನು ಬರಿಗೈಯಲ್ಲಿ ವಾಪಸು ಹೋಗುವುದೇ ಎಂದುಕೊಳ್ಳುವಾಗ ಅವರಿಗೆ ಈ ಸಣ್ಣ ಪರದೆ ಕಂಡಿತ್ತು.

"ಅಮ್ಮಾ, ಅದು ನಮ್ಮ ಅಂಗಡಿ ಸಿಸಿಟಿವಿ. ಅದರಲ್ಲಿ ಕಾಣ್ತಿರೋದು ನೀವೇ" ಎಂದ ಸೇಲ್ಸ್‌ಮನ್.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದಕ್ಕೇ ಮತ್ತೆ. ಈ ಹೆಂಗಸು ಆಗ್ಲಿಂದ ಏನೂ ತಗೊಳ್ದೆ ಸುಮ್ನೆ ನಿಂತಿದಾಳಲ್ಲ ಅಂದ್ಕೊಂಡೆ."

ಅಂಗಡಿಯವರೆಲ್ಲ ನಕ್ಕರು. ನಗು ನಿಂತ ಮೇಲೆ ಮಾಲೀಕರು ಇಂಟರ್‌ನೆಟ್ಟೇ ಇಲ್ಲದ ಸಾದಾ ಟಿವಿಯೊಂದನ್ನು ಗೋಡೌನಿನಿಂದ ತರಿಸಿಕೊಟ್ಟರು.

ಈಗ ಭದ್ರಾವತಿ ನ್ಯೂ ಟೌನಿನ ಮನೆಯಲ್ಲಿ ಗುಂಡಿ ಒತ್ತಿದರೆ ನೇರವಾಗಿ ವಾರ್ತೆಯೇ ಬರುತ್ತದೆ. ನಡುನಡುವೆ ಬರುವ ಜಾಹೀರಾತನ್ನು ಅತ್ತೆ ಕ್ಷಮಿಸಿದ್ದಾರೆ. ಅಷ್ಟು ಹೊತ್ತಿನಲ್ಲಿ ಒಲೆ ಮೇಲಿನ ಸಾರು ನೋಡಿ ಬರಬಹುದಂತೆ.