ಹೆಲಿಕಾಪ್ಟರಿಗೆ ಅಂಟಿಸಿದ ನೂಲು

ನನಗೆ ಮಲಗಲು ಕೊಟ್ಟ ಕೋಣೆಯಲ್ಲಿ ನನಗಿಂತ ಮೊದಲೇ ಒಂದು ಹೆಲಿಕಾಪ್ಟರ್ ಮಲಗಿತ್ತು. ಮಂಚದ ಮೇಲೆ, ದಿಂಬಿಗೆ ಮೂತಿ ಆನಿಸಿಕೊಂಡು. ದೊಡ್ಡ ಹಲಸಿನಹಣ್ಣಿನಷ್ಟು ಗಾತ್ರ, ಮೊಟ್ಟೆಯಂತೆ ಬಿಳಿ, ನುಣುಪು. ಬಾಲ ಮಾತ್ರ ಮುರಿದಿತ್ತು.

“ಅದು ಹಳೇ ಮಾದರಿ ಅಕ್ಕ, ಕಚ್ಚುದಿಲ್ಲ. ಆಚೆ ಇಡು” ಎಂದಳು ತಂಗಿ ವಿನಯಾ.

ಕಾರ್ಕಳದ ಹತ್ತಿರದ ಹಳ್ಳಿಯಿಂದ ಮುಂಬಯಿ ಬಳಿಯ ಡೊಂಬಿವಲಿಗೆ ಬಂದವಳು ಮಾಡಿದ ಮೊದಲ ಕೆಲಸ ಅದು: ಹೆಲಿಕಾಪ್ಟರನ್ನು ಎರಡು ಕೈಯಲ್ಲಿ ಎತ್ತಿ ಕಪಾಟಿನ ಮೇಲೆ ಇಟ್ಟದ್ದು. ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಯಾರೂ ಬಿಡಿಸಿದ್ದಲ್ಲ. ಬೀಡಿ ಕಟ್ಟುವ ಹೆಂಗಸರ ಹರಟೆ ಶಾಲೆಗಿಂತ ರುಚಿಯೆನಿಸಿ ನಾನೇ ಬಿಟ್ಟೆ. ವಿನಯಾ ಓದುತ್ತಲೇ ಹೋದಳು. ಈಗ ನವಿ ಮುಂಬಯಿಯ ರಬಾಳೆಯ ಒಂದು ಸಣ್ಣ ಕಂಪೆನಿಯಲ್ಲಿ ಹೆಲಿಕಾಪ್ಟರ್ ಇನ್ನೂ ವೇಗವಾಗಿ ಹಾರುವಂತೆ ಮಾಡುವುದು ಅವಳ ಉದ್ಯೋಗ. ಊರಲ್ಲಿ ಬೀಡಿ ಕೆಲಸ ಕಡಿಮೆಯಾಗಿತ್ತು. ಅವಳ ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ಮನೆಯಲ್ಲಿರುವುದೇ ಅಪರೂಪ. “ನೀನು ಬಾ, ಇಬ್ಬರೂ ಇರುವ” ಎಂದಳು. ಬಂದೆ.

ಊರಿನ ಮನೆಯಲ್ಲಿ ಬಾಗಿಲು ತೆರೆದರೆ ಅಂಗಳ, ಇಲ್ಲಿ ಬಾಗಿಲು ತೆರೆದರೆ ಇನ್ನೊಬ್ಬರ ಬಾಗಿಲು. ಎದುರು ಮನೆಯವರು ಮರಾಠಿ ಹೆಂಗಸು, ಎಲ್ಲರೂ ಅವರನ್ನು ಕಾಕು ಎನ್ನುತ್ತಾರೆ. ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಅವರು ಒಂದೇ ಉಸಿರಿಗೆ ನೀರು ಬರುವ ಹೊತ್ತು, ಕಸದವಳ ಜಗಳ, ಸೊಸೆಯ ಸೊಕ್ಕು ಎಲ್ಲ ಹೇಳುವರು. ನನಗೆ ಒಂದಕ್ಷರ ತಿಳಿಯದು. “ಹೋ, ಹೋ” ಎಂದು ತಲೆ ಅಲ್ಲಾಡಿಸುವೆ. ಹೋ ಎಂದರೆ ಮರಾಠಿಯಲ್ಲಿ ಹೌದು. ಹಾಗೆ ಹೋ ಹೋ ಎನ್ನುತ್ತಲೇ ಒಮ್ಮೆ ಕಟ್ಟಡದ ಗಣಪತಿಗೆ ಇಡೀ ಬುಟ್ಟಿ ಮೋದಕ ಮಾಡಿಕೊಡಲು ಒಪ್ಪಿಕೊಂಡಿದ್ದೆ ಎಂದು ಮರುದಿನ ಬೆಳಿಗ್ಗೆ ತಿಳಿಯಿತು! ಮಾಡಿಕೊಟ್ಟೆ. ನಮ್ಮ ಕೊಟ್ಟೆ ಕಡುಬಿನ ಹಾಗೆ ದಪ್ಪವಾಯಿತು, ಆದರೂ ಎಲ್ಲರೂ ತಿಂದರು.

ತರಕಾರಿಯವನಿಗೆ ತಲೆ ಅಲ್ಲಾಡಿಸಿದೆ, ಲಿಫ್ಟಿನ ಮಾಮನಿಗೆ ತಲೆ ಅಲ್ಲಾಡಿಸಿದೆ. ಹೊಸ ಊರಿನಲ್ಲಿ ತಿಳಿಯದಿದ್ದರೂ ತಿಳಿದಂತೆ ಇರುವುದು ಮರ್ಯಾದೆ ಉಳಿಸುವ ಸುಲಭದ ದಾರಿ. ತಪ್ಪಾದದ್ದು ಅದೇ ಅಭ್ಯಾಸವನ್ನು ತಂಗಿಯ ಮುಂದೆಯೂ ಇಟ್ಟುಕೊಂಡದ್ದು.

ಒಂದು ದಿನ ಪಕ್ಕದ ಠಾಣೆ ಊರಿನಿಂದ ಲೋಕಲ್ ರೈಲುಗಾಡಿಯಲ್ಲಿ ಬರುತ್ತಿದ್ದೆವು. ಹೆಂಗಸರ ಡಬ್ಬಿಯಲ್ಲಿ ಕ್ಲಿಪ್ಪು, ಕಿವಿಯೋಲೆ ಮಾರುವವಳು ಹಿಂದೆ ಮುಂದೆ ಓಡಾಡುತ್ತಿದ್ದಳು. “ಹೆಲಿಕಾಪ್ಟರ್ ಜೋರು ಹೋಗ್ಲಿಕ್ಕೆ ಏನು ಕಷ್ಟ? ಎಂಜಿನ್ ದೊಡ್ಡದು ಇಟ್ಟರೆ ಆಯ್ತಲ್ಲ?” ಎಂದು ನಾನೇ ಕೇಳಿದೆ. ವಿನಯಾಳ ಮುಖ ಬೆಳಗಿತು. ಅವಳನ್ನು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲವೇನೋ.

“ನೋಡು ಅಕ್ಕ, ಆ ಕ್ಲಿಪ್ಪಿನವಳು ಗಾಡಿ ಓಡುವ ಕಡೆಗೆ ನಡೆದರೆ, ಹೊರಗೆ ನಿಂತವರ ಲೆಕ್ಕದಲ್ಲಿ ಅವಳು ಗಾಡಿಗಿಂತ ಜೋರು. ತಿರುಗಿ ಹಿಂದಕ್ಕೆ ನಡೆದರೆ ಗಾಡಿಗಿಂತ ನಿಧಾನ. ಹೌದಾ? ಮೇಲಿನ ರೆಕ್ಕೆಗೂ ಹಾಗೇ. ಸುತ್ತುತ್ತಾ ಒಂದು ಬದಿಯಲ್ಲಿ ಮುಂದಕ್ಕೆ ಬರ್ತದೆ, ಅಲ್ಲಿ ಎದುರುಗಾಳಿ ಜಾಸ್ತಿ. ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಹೋಗ್ತದೆ, ಅಲ್ಲಿ ಗಾಳಿ ಕಡಿಮೆ. ನಾವು ವೇಗ ಹೆಚ್ಚಿಸಿದ ಹಾಗೆಲ್ಲ ಆ ಬದಿಗೆ ಗಾಳಿಯೇ ಸಾಲುದಿಲ್ಲ, ಎತ್ತುವ ಶಕ್ತಿ ಹೋಗ್ತದೆ. ಮುಂದೆ ಬರುವ ಬದಿಯ ತುದಿ ಶಬ್ದದ ವೇಗದ ಹತ್ತಿರ ಹೋಗಿ ಗಡಗಡ ನಡುಗ್ತದೆ. ದೊಡ್ಡ ಎಂಜಿನ್ ಇಟ್ಟು ಏನು ಮಾಡುದು?”

“ಮತ್ತೆ?”

“ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಒಂದು ಹೀಗೆ ಸುತ್ತಿದರೆ ಇನ್ನೊಂದು ಹಾಗೆ. ಆಗ ಎರಡೂ ಬದಿಯಲ್ಲಿ ಮುಂದೆ ಬರುವ ರೆಕ್ಕೆ ಯಾವಾಗಲೂ ಒಂದು ಇರ್ತದೆ. ಹಿಂದಿನಿಂದ ತಳ್ಳಲಿಕ್ಕೆ ಬಾಲದಲ್ಲಿ ಬೇರೆ ಪಂಖ. ಆದ್ರೆ ಎರಡು ಜೊತೆ ರೆಕ್ಕೆ ಹೊರಲಿಕ್ಕೆ ನಡುವಿನ ಕಂಬ, ಅಂದ್ರೆ ಕುತ್ತಿಗೆ, ಉದ್ದ ಬೇಕು. ಆ ಕುತ್ತಿಗೆಯ ಹಿಂದೆ ಗಾಳಿ ಸುಳಿ ಸುತ್ತಿ ಇಡೀ ಹೆಲಿಕಾಪ್ಟರನ್ನು ಹಿಂದಕ್ಕೆ ಜಗ್ಗುತ್ತದೆ. ಆ ಕುತ್ತಿಗೆಗೆ ಸರಿಯಾದ ಕವಚ ಮಾಡುದು, ಅದೇ ನನ್ನ ಕೆಲಸ. ಸಮುದ್ರದಲ್ಲಿ ದೋಣಿ ಮಗುಚಿದವರ ಹತ್ತಿರ ಬೇಗ ಮುಟ್ಟಬೇಕಲ್ಲ ಅಕ್ಕ.”

ಇಲ್ಲಿಯವರೆಗೆ ಕೇಳಿದ್ದೆ. ಆಮೇಲೂ ಅವಳು ಹೇಳುತ್ತಿದ್ದಳು, ಗಾಳಿ ಎಲ್ಲಿ ಸುಳಿಯುತ್ತದೆಂದು ಕಣ್ಣಿಗೆ ಕಾಣಲು ಏನೋ ಮಾಡುತ್ತಾರಂತೆ, ನೂಲಂತೆ. ಅಷ್ಟರಲ್ಲಿ ಕ್ಲಿಪ್ಪಿನವಳು ಚಿಟ್ಟೆಯ ಆಕಾರದ ಕ್ಲಿಪ್ಪು ತೆಗೆದಿದ್ದಳು. ನನ್ನ ಕಣ್ಣು ಅದರ ಮೇಲೆ. “ಹೂಂ, ಹೂಂ” ಎಂದು ತಲೆ ಅಲ್ಲಾಡಿಸಿದೆ.

ನವರಾತ್ರಿ ಬಂತು. ರಬಾಳೆಯ ಶೆಡ್ಡಿನ ಮಾಡು ರಿಪೇರಿ ಇದೆಯೆಂದು ವಿನಯಾ ಹೊಸ ಮಾದರಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದಳು. ಮರುದಿನ ಆಯುಧಪೂಜೆ. ಇಲ್ಲಿಯವರು ಖಂಡೇನವಮಿ ಎನ್ನುತ್ತಾರೆ. ಊರಲ್ಲಿ ಆ ದಿನ ಕತ್ತಿ, ಹಾರೆ, ಬೀಡಿ ಎಲೆ ಕತ್ತರಿಸುವ ಕತ್ತರಿ, ಹೊಲಿಗೆ ಮಿಷನು ಎಲ್ಲ ತೊಳೆದು ಒರೆಸಿ ಕುಂಕುಮ ಇಡುತ್ತೇವಲ್ಲ. ಇವಳ ಆಯುಧ ಯಾವುದು? ಇದೇ. ಪೂಜೆಗೆಂದೇ ತಂದಿದ್ದಾಳೆ ಎಂದು ನಾನೇ ತೀರ್ಮಾನಿಸಿದೆ.

ಬೆಳಿಗ್ಗೆ ಅವಳು ಚೆಂಡುಹೂ ತರಲು ಸ್ಟೇಷನ್ ಹತ್ತಿರ ಹೋಗಿದ್ದಳು. ನಾನು ಗಂಟು ಬಿಚ್ಚಿದೆ. ಅಯ್ಯೋ! ಮೈತುಂಬ ಗೇಣಿಗೂ ಕಡಿಮೆಯ ಚೂರು ಚೂರು ಉಲ್ಲನ್ ನೂಲು. ಹಳೆಯದು ಮೊಟ್ಟೆಯಂತೆ ಇತ್ತು, ಇದು ನೆಂದ ಕೋಳಿಮರಿಯ ಹಾಗೆ. ಪ್ಯಾಕ್ ಮಾಡುವಾಗ ಯಾರೋ ಸ್ವೆಟರಿನ ನೂಲು ಅಂಟಿಸಿಬಿಟ್ಟಿದ್ದಾರೆ ಅನ್ನಿಸಿತು. ಬೆಡ್‌ಶೀಟಿನ ಮೇಲೆಯೇ ಕುಳಿತು ಒಂದೊಂದಾಗಿ ಕಿತ್ತೆ. ಅಂಟಿನ ಚುಕ್ಕೆಗಳನ್ನು ಉಗುರಿನಿಂದ ಕೆರೆದೆ. ಬೀಡಿಗೆ ನೂಲು ಸುತ್ತಿದ ಬೆರಳಿಗೆ ಅದೆಂಥ ಕೆಲಸ? ಕೊನೆಗೆ ಅದು ಫಳಫಳ ಹೊಳೆಯಿತು. ಪೂಜೆಯ ಹೊತ್ತಿಗೆ ತೆರೆದು ತೋರಿಸುವ ಎಂದು ಅದೇ ಬೆಡ್‌ಶೀಟಿನಲ್ಲಿ ಮತ್ತೆ ಸುತ್ತಿಟ್ಟೆ.

ಹೂ ತಂದವಳು ಮೊದಲು ಅದನ್ನೇ ಬಿಚ್ಚಿದಳು. ಕೂಗಲಿಲ್ಲ. ಬೆಡ್‌ಶೀಟಿನಲ್ಲಿ ಬಿದ್ದಿದ್ದ ನೂಲಿನ ರಾಶಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಆಮೇಲೆ ಫೋನ್ ಹಿಡಿದಳು.

“ಶ್ರೀಧರ್, ಎಂಥ ಅಂಟು ಹಾಕಿದ್ದು ನೀವು? ಒಂದೂ ಉಳಿದಿಲ್ಲ! ಇಲ್ಲಿಯ ಸೆಖೆಗೆ ನಿಲ್ಲದ್ದು ಗಾಳಿ ಬಿಟ್ಟಾಗ ನಿಲ್ತದಾ? ನಿಮಗೆ ಬಿಟ್ಟದ್ದೇ ನನ್ನ ತಪ್ಪು.”

ಶ್ರೀಧರ ಮೈಸೂರಿನ ಹುಡುಗ, ಅವಳ ಕೈಕೆಳಗೆ ಕೆಲಸ ಮಾಡುವವನು. ತಿಂಗಳಿಗೊಮ್ಮೆ ನನ್ನ ನೀರುದೋಸೆಗೆಂದೇ ಪಕ್ಕದ ಊರು ಕಲ್ಯಾಣದಿಂದ ಬರುವವನು. ನೂಲು ಅಂಟಿಸಿದವನು ಅವನೇ. ಆಗ ನನಗೆ ಲೋಕಲ್ ಗಾಡಿ ನೆನಪಾಯಿತು, ನೂಲಿನ ಮಾತು ನೆನಪಾಯಿತು. ನಾನು ಹೂಂ ಎಂದದ್ದೂ ನೆನಪಾಯಿತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟೂ ದಿನ ತಂಗಿ ನನ್ನನ್ನು ತಿಳಿದವಳೆಂದು ಎಣಿಸಿ ಮಾತಾಡಿದ್ದಳು. ಒಂದು ಮಾತು ಹೇಳಿದರೆ ನಾನು ಮತ್ತೆ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟುವ ಜಗಲಿಗೆ ಹೋಗಿ ಕುಳಿತಂತೆ. ಹೂ ಏರಿಸಿ ಕುಂಕುಮ ಇಟ್ಟೆ.

ಶ್ರೀಧರ ಒಂದು ವಾರವಿಡೀ ಅಂಟುಗಳನ್ನು ಪರೀಕ್ಷೆ ಮಾಡಿದನಂತೆ. ಮಾದರಿಗೆ ಗಾಳಿ ಬಿಟ್ಟು ನೋಡುವ ಪರೀಕ್ಷೆ ಮುಂದಕ್ಕೆ ಹೋಯಿತು. ಈ ನೂಲಿನ ಸಹವಾಸವೇ ಬೇಡ, ಬೇರೆ ವಿಧಾನ ಹುಡುಕಿ ಎಂದು ಮೇಲಿನವರು ಹೇಳತೊಡಗಿದರಂತೆ. ಭಾನುವಾರ ಅವನು ಮನೆಗೆ ಬಂದ. ಕೈಯಲ್ಲಿ ನೂಲಂಟಿಸಿದ ಪ್ಲಾಸ್ಟಿಕ್ ಚೂರುಗಳ ಡಬ್ಬಿ.

“ಅಕ್ಕ, ನಿಮ್ ಅಡಿಗೆಮನೆ ಹಬೇಲಿ ಇದನ್ನ ಸ್ವಲ್ಪ ಇಡ್ಲಾ? ಆಫೀಸಲ್ಲಿ ಎಷ್ಟ್ ಮಾಡಿದ್ರೂ ಉದುರ್ತಾನೇ ಇಲ್ಲ ಇದು. ಎಲ್ಲಿ ಎಡವಟ್ ಮಾಡಿದ್ನೋ ಗೊತ್ತಾಗ್ತಿಲ್ಲ.”

ದೋಸೆ ಹಾಕಿದೆ. ಒಂದಕ್ಕೇ ಸಾಕೆಂದ. ಯಾವಾಗಲೂ ಎಣಿಸದೆ ತಿನ್ನುವ ಹುಡುಗ.

“ಉದುರುದಿಲ್ಲ ಅದು” ಎಂದೆ. “ನಾನು ಕಿತ್ತದ್ದು.”

ವಿನಯಾ ತಟ್ಟೆ ಕೆಳಗಿಟ್ಟಳು. ಆಯುಧಪೂಜೆ, ಕೋಳಿಮರಿ, ಉಗುರು, ಎಲ್ಲ ಹೇಳಿದೆ. ಶ್ರೀಧರ ಮೊದಲು ಬಾಯಿ ಬಿಟ್ಟ. ಆಮೇಲೆ ಅವನ ಮುಖದಲ್ಲಿ ಬಂದ ನೆಮ್ಮದಿ ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

“ಅಂದ್ರೆ ನನ್ನ ಅಂಟು ಗಟ್ಟಿ! ನೋಡಿ ಮೇಡಂ, ಉಗುರಲ್ಲಿ ಕೆರೀಬೇಕಾಯ್ತಂತೆ! ಅಕ್ಕಾ, ಇನ್ನೆರಡು ದೋಸೆ ಹಾಕಿ.”

ವಿನಯಾ ನಗಲಿಲ್ಲ. “ನೂಲು ಕಿತ್ತದ್ದಕ್ಕಲ್ಲ ಅಕ್ಕ. ಅವತ್ತು ಫೋನಿನಲ್ಲಿ ನಾನು ಇವರಿಗೆ ಬೈಯುವಾಗ ನೀನು ಪಕ್ಕದಲ್ಲೇ ನಿಂತಿದ್ದೆ. ನಿಂತು ಕೇಳಿದೆ.”

ಕಾವಲಿಯ ದೋಸೆ ಎತ್ತಿ ಶ್ರೀಧರನ ತಟ್ಟೆಗೆ ಹಾಕಿ ಒಲೆ ಆರಿಸಿದೆ.

ಎರಡು ದಿನ ಅವಳು ಅನ್ನಕ್ಕೆ ಕರೆದಾಗ ಬಂದು ಊಟ ಮಾಡಿ ಎದ್ದಳು, ಅಷ್ಟೇ. ನಾನು ಬ್ಯಾಗು ತೆಗೆದು ಸೀರೆ ಮಡಚಿದೆ. ಮೂರನೆಯ ದಿನ ಸಂಜೆ ಕಾಲಿನಿಂದಲೇ ಬಾಗಿಲು ತಳ್ಳಿಕೊಂಡು ಬಂದಳು, ತೋಳಿನಲ್ಲಿ ಅದೇ ಮಾದರಿ, ಬಾಯಲ್ಲಿ ಕಚ್ಚಿಕೊಂಡ ಉಲ್ಲನ್ ಉಂಡೆಯ ಚೀಲ. ಮಡಚಿದ ಸೀರೆ ನೋಡಿದಳು.

“ಎಲ್ಲಿಗೆ ಹೊರಟದ್ದು ಮಾರಾಯ್ತಿ? ಕಿತ್ತವಳೇ ಅಂಟಿಸು. ಕೂತ್ಕೊ.”

ಅವಳು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಳು, ನಾನು ಅಂಟಿಸುತ್ತ ಹೋದೆ. ಒಂದು ಸಾಲು ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ಹಣೆ ಚಚ್ಚಿಕೊಂಡಳು.

“ಎರಡೂ ತುದಿ ಅಂಟಿಸಿದ್ದಿಯಲ್ಲ! ಒಂದೇ ತುದಿ ಅಕ್ಕ. ಇನ್ನೊಂದು ಬಿಡಬೇಕು.”

ಹೂಂ ಎನ್ನಲು ತಲೆ ಆಗಲೇ ಬಗ್ಗಿತ್ತು. ತಡೆದೆ. “ಯಾಕೆ?” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಕುಳಿತು, ಒಂದು ನೂಲಿಗೆ ಬಾಯಿಂದ ಗಾಳಿ ಊದಿ ತೋರಿಸಿದಳು. ಗಾಳಿ ಮೈಗೆ ಅಂಟಿ ಹರಿದರೆ ನೂಲು ನೆಟ್ಟಗೆ ಮಲಗುತ್ತದೆ, ಗಾಳಿ ಮೈ ಬಿಟ್ಟು ಸುಳಿದರೆ ಅದು ಹುಚ್ಚೆದ್ದು ಕುಣಿಯುತ್ತದೆ. ನಾನು ಮತ್ತೂ ಕೇಳಿದೆ. ಮತ್ತೂ ಹೇಳಿದಳು. ಅನ್ನ ಅಡಿ ಹಿಡಿಯಿತು.

ಪರೀಕ್ಷೆಯ ದಿನ ನನ್ನನ್ನೂ ರಬಾಳೆಗೆ ಕರೆದೊಯ್ದಳು. ಗಾಜಿನ ಹಿಂದೆ ಗಾಳಿ ಬಿಟ್ಟರು. ಮೂತಿಯ ಮೇಲಿನ ನೂಲುಗಳೆಲ್ಲ ಬಾಚಿದ ಕೂದಲಿನಂತೆ ಮಲಗಿದವು. ಕುತ್ತಿಗೆಯ ಹಿಂದಿನವು ಮಾತ್ರ ತಿರುಗಿ ಮುಂದಕ್ಕೆ ಹೊಡೆದುಕೊಳ್ಳುತ್ತಿದ್ದವು. ನಾನು ಕೆಟ್ಟಿತೆಂದು ಹೆದರಿದೆ. ವಿನಯಾ ನನ್ನ ರಟ್ಟೆ ಹಿಡಿದು ಕುಣಿದಳು. “ಅಲ್ಲೇ, ಅಕ್ಕ, ಅಲ್ಲೇ ತಪ್ಪುಂಟು! ಕಾಣ್ತದಾ?” ತಪ್ಪು ಕಂಡದ್ದಕ್ಕೆ ಅಷ್ಟು ಸಂತೋಷಪಡುವವರನ್ನು ನಾನು ಬೇರೆ ನೋಡಿಲ್ಲ.

ಈಗ ಕಾಕುವಿಗೂ “ಕಾಯ್? ಪುನ್ಹಾ ಸಾಂಗಾ” ಎನ್ನುತ್ತೇನೆ. ಏನು, ಇನ್ನೊಮ್ಮೆ ಹೇಳಿ ಎಂದು. ಅವರಿಗೆ ಬೇಸರವಿಲ್ಲ, ಸೊಸೆಯ ಕಥೆ ಎರಡು ಸಲ ಹೇಳಲು ಸಿಗುತ್ತದಲ್ಲ.

ಮೊನ್ನೆ ಊರಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. “ದೀಪಾವಳಿಗೆ ಮನೆಗೆ ಬರ್ತಿಯಲ್ಲ ಮಗಾ?” ಪ್ರತಿ ಸಲವೂ ಹೂಂ ಎನ್ನುತ್ತಿದ್ದೆ. ಆಚೆ ಅವರ ಅಂಗಳದಲ್ಲಿ ಕೋಳಿ ಕೂಗುವುದು ಕೇಳುತ್ತಿತ್ತು, ಈಚೆ ನನ್ನ ಮಂಚದ ಮೇಲೆ ಹೊಸ ಕುತ್ತಿಗೆಯ ಹೆಲಿಕಾಪ್ಟರ್ ನೂಲಿಗೆ ಕಾಯುತ್ತ ಮಲಗಿತ್ತು.

“ಗೊತ್ತಿಲ್ಲ ಚಿಕ್ಕಮ್ಮ” ಎಂದೆ. “ಯಾವ ಮನೆಗೆ ಅಂತಲೂ ಗೊತ್ತಾಗುದಿಲ್ಲ ಈಗ.”