ಬೀದಿಯ ಗೆರೆ ಕಾದ ಮಾಸ್ತರರು

ಹುಕ್ಕೇರಿ ಸೀಮೆಯ ಆ ಪೇಟೆಯಲ್ಲಿ ಯಾರು ಹೊಸ ಗೋಡೆ ಎಬ್ಬಿಸಿದರೂ ನಿವೃತ್ತರಾದ ಪರಪ್ಪ ಮಾಸ್ತರರು ಅಳತೆಪಟ್ಟಿ ಹಿಡಿದು ಹಾಜರಾಗುತ್ತಿದ್ದರು. “ಬೀದಿಯಿಂದ ಮೂರು ಫೂಟ ಬಿಡಬೇಕ್ರಿ, ಕಾಯದೆ ಐತಿ” ಎನ್ನುವುದೇ ಅವರ ನಮಸ್ಕಾರ. ಸ್ವಂತ ಬೀಗರ ಮನೆಯ ಮೆಟ್ಟಿಲನ್ನೂ ಅವರು ಅಳೆಯದೆ ಬಿಟ್ಟಿರಲಿಲ್ಲ. ಮದುವೆಗೆ ಹೋದರೆ ಚಪ್ಪರದ ಕಂಬ ಎಲ್ಲಿ ನಿಂತಿದೆಯೆಂದು ನೋಡಿಯೇ ಊಟಕ್ಕೆ ಕೂಡುತ್ತಿದ್ದರು. 1938ರಲ್ಲಿ ಊರ ಕಮಿಟಿಯವರು ಪಕ್ಕದ ಓಣಿಯ ಕಾಶೆವ್ವನಿಗೆ ವಿನಾಯಿತಿ ಕೊಟ್ಟು, ಬೀದಿಗೆ ಚಾಚಿದ ಕಟ್ಟೆ ಕಟ್ಟಲು ಬಿಟ್ಟಾಗ ಮಾಸ್ತರರು ಬೆಳಗಾವಿ ಕೋರ್ಟಿಗೇ ಹೋದರು. ಕಮಿಟಿ ಬರೆದುಕೊಂಡ ಠರಾವಿನಲ್ಲಿ ಕಾರಣವನ್ನೇ ಕೊಟ್ಟಿಲ್ಲವೆಂದು ನ್ಯಾಯಾಧೀಶರು ವಿನಾಯಿತಿಯನ್ನು ರದ್ದು ಮಾಡಿದರು. ಕಟ್ಟೆ ಕೆಡವುವ ದಿನ ಗೆದ್ದ ಹುಮ್ಮಸ್ಸಿನಲ್ಲಿ ಅವರು ನೋಡಲು ಹೋದರೆ, ಲಕ್ವಾ ಹೊಡೆದು ಏಳು ವರ್ಷದಿಂದ ಮಲಗಿದ್ದ ಕಾಶೆವ್ವನ ಗಂಡ ರಾಚಪ್ಪನನ್ನು ಕಟ್ಟೆಯ ಮೇಲಿಂದ ಹೊರಸಿನ ಸಮೇತ ಒಳಗಿನ ಕತ್ತಲ ಕೋಣೆಗೆ ಹೊತ್ತೊಯ್ಯುತ್ತಿದ್ದರು. ಅವನು ಹೋಗಿಬರುವ ಜನರನ್ನು ನೋಡಲೆಂದೇ ಆ ಕಟ್ಟೆ ಕಟ್ಟಿದ್ದು. “ನನಗ ಗೊತ್ತಿರಲಿಲ್ಲವ್ವಾ” ಎಂದರು ಮಾಸ್ತರರು. “ಬಾಜೂ ಓಣ್ಯಾಗ ಇರ್ತೀರಿ. ಕೇಳಿದ್ರ ಹೇಳತಿದ್ದೆನಲ್ರಿ, ಮಾಸ್ತರ” ಎಂದಳು ಕಾಶೆವ್ವ. ಅಂದಿನಿಂದ ಮಾಸ್ತರರು ದಿನಾ ಸಂಜೆ ಆ ಹೊರಸಿನ ಬಳಿ ಕೂತು, ಬೀದಿಯಲ್ಲಿ ಯಾರ್ಯಾರು ಹೋದರು, ಯಾರ ಎತ್ತು ಬೆದರಿತು ಎಂದು ಒಂದೊಂದಾಗಿ ಹೇಳತೊಡಗಿದರು. ರಾಚಪ್ಪ ಒಂದು ದಿನವೂ ಗೋಡೆಯಿಂದ ಮುಖ ತಿರುಗಿಸಲಿಲ್ಲ.